ಜಗಲಿಯಲ್ಲಿ ಕೊಟ್ಟ ಬಡ್ತಿ

ಮಂಗೇಶ ಮಾಜಾಳಿಯ ಮನೆಗೆ ಬಂದ ಭಾನುವಾರ ದೀಪಾಲಿ ಹಿತ್ತಲ ಬಾವಿಕಟ್ಟೆಯಲ್ಲಿ ಕುಳಿತು ಸಾರಿಗೆಂದು ತಂದ ತಿಸ್ರೆ ಚಿಪ್ಪುಮೀನುಗಳ ಕೆಸರು ತೊಳೆಯುತ್ತಿದ್ದಳು. ಮಂಗೇಶ ಗೋವೆಯ ಗಡಿಯಾಚೆಗಿನ ಪಂಪು ಕಾರ್ಖಾನೆಯಲ್ಲಿ ಸಿಬ್ಬಂದಿ ವಿಭಾಗದ ಅಧಿಕಾರಿ. ಅದೇ ಕಾರ್ಖಾನೆಯಲ್ಲಿ ದೀಪಾಲಿ, ಅವಳ ಗಂಡ ಗುರುಪ್ರಸಾದ ಇಬ್ಬರೂ ಎಂಜಿನಿಯರುಗಳು. ಮಂಗೇಶ ಸದಾಶಿವಗಡದವನು, ದೂರದ ಸಂಬಂಧಿಯೂ ಹೌದು. ಹಾಗಾಗಿ ರಜೆಯ ದಿನ ಬಂದು ಅವಳ ಮಾವ ರಾಮನಾಥರ ಜೊತೆ ಜಗಲಿಯಲ್ಲಿ ಕುಳಿತು ಹೋಗುವುದು ಹೊಸದೇನಲ್ಲ.

ದೀಪಾಲಿ ಕೈ ತೊಳೆದುಕೊಂಡು ಚಹಾ ಮಾಡಿ ತಂದಳು. ಅವಳು ಬಾಗಿಲಿಗೆ ಬಂದದ್ದೇ ಇಬ್ಬರೂ ಮಾತು ನಿಲ್ಲಿಸಿದರು. ಗುರುಪ್ರಸಾದ ಜಗಲಿಯ ಕಂಬಕ್ಕೆ ಒರಗಿ ಉಗುರು ನೋಡಿಕೊಳ್ಳುತ್ತಿದ್ದ. ಮಾವ ಲೋಟ ಎತ್ತಿಕೊಂಡು, ತಿಸ್ರೆ ಸ್ವಲ್ಪ ಮಂಗೇಶನಿಗೂ ಕಟ್ಟಿಕೊಡು ಎಂದರು. ಅವಳು ಬಾಳೆಲೆಯಲ್ಲಿ ಸುತ್ತಿ, ಚೀಲಕ್ಕೆ ಹಾಕಿ ಕೊಟ್ಟಳು. ಮಂಗೇಶ ಚೀಲ ತೆಗೆದುಕೊಂಡು ಮೆಟ್ಟಿಲಿಳಿಯುವಾಗ, ಇಂಥ ಸೊಸೆ ಸಿಗುವುದು ಪುಣ್ಯ ಎಂದು ರಾಮನಾಥರಿಗೆ ಹೇಳಿ ಹೋದ. ಯಾಕೆ ಹಾಗೆಂದನೆಂದು ಅವಳು ಯೋಚಿಸಲಿಲ್ಲ. ಒಲೆಯ ಮೇಲೆ ಅನ್ನ ಉಕ್ಕುತ್ತಿತ್ತು.

ಆ ಕಾರ್ಖಾನೆಯಲ್ಲಿ ಆಳೆತ್ತರದ ಪಂಪುಗಳು ತಯಾರಾಗುತ್ತಿದ್ದವು. ಗೊಬ್ಬರದ ಕಾರ್ಖಾನೆಗೆ, ತೈಲ ಶುದ್ಧೀಕರಣಕ್ಕೆ, ನದಿ ನೀರು ಎತ್ತುವುದಕ್ಕೆ. ಹೊರಗೆ ಹೋಗುವ ಮೊದಲು ಪ್ರತಿಯೊಂದು ಪಂಪೂ ಪರೀಕ್ಷಾ ವಿಭಾಗದಲ್ಲಿ ಓಡಿ ತೋರಿಸಬೇಕು. ನೆಲದಡಿಯ ದೊಡ್ಡ ತೊಟ್ಟಿಯಿಂದ ನೀರೆತ್ತಿ ಮತ್ತೆ ಅದೇ ತೊಟ್ಟಿಗೆ ಸುರಿಯಬೇಕು. ದೀಪಾಲಿ ಓದು ಮುಗಿಸಿದವಳೇ ಅಂಕೋಲೆಯಿಂದ ಆ ವಿಭಾಗಕ್ಕೆ ಬಂದಿದ್ದಳು. ಮೊದಲ ವರ್ಷ ಅಲ್ಲಿ ಹೆಂಗಸರಿಗೆ ಶೌಚಾಲಯವೇ ಇರಲಿಲ್ಲ. ಮೈದಾನ ದಾಟಿ ಆಫೀಸಿನ ಕಟ್ಟಡಕ್ಕೆ ಹೋಗಬೇಕು, ಹೋಗುವಾಗ ಬರುವಾಗ ಗಂಡಸರೆಲ್ಲ ಗಡಿಯಾರ ನೋಡುತ್ತಿದ್ದರು. ಅವಳ ಅಳತೆಯ ಕಬ್ಬಿಣದ ಮೂತಿಯ ಬೂಟು ಸಿಗದೆ, ಒಳಗೆ ಬಟ್ಟೆ ತುರುಕಿಕೊಂಡು ತಿಂಗಳುಗಟ್ಟಲೆ ನಡೆದಿದ್ದಳು. ತಿರುಗುವ ಯಂತ್ರದ ಹತ್ತಿರ ವೇಲು ಹಾಕುವಂತಿಲ್ಲ, ವೇಲಿಲ್ಲದೆ ಮನೆಯಿಂದ ಹೊರಡುವಂತಿಲ್ಲ. ಮದುವೆಯಾದ ಮೇಲೆ ದಿನವೂ ಕಾರ್ಖಾನೆಯ ಬಾಗಿಲಿನಲ್ಲಿ ವೇಲು ತೆಗೆದು ಚೀಲದಲ್ಲಿಡುತ್ತಿದ್ದಳು, ಸಂಜೆ ಅದೇ ಬಾಗಿಲಿನಲ್ಲಿ ತೆಗೆದು ಹಾಕಿಕೊಳ್ಳುತ್ತಿದ್ದಳು.

ಜೋಡಣೆ ವಿಭಾಗದ ಅವಳ ಓರಗೆಯ ಹುಡುಗರು ಒಬ್ಬೊಬ್ಬರಾಗಿ ಪಾಳಿಯ ಮುಖ್ಯಸ್ಥರಾದರು. ಪಾಳಿ ಎಂದರೆ ರಾತ್ರಿ ಪಾಳಿಯೂ ಬರುತ್ತದೆ, ರಾತ್ರಿ ಹೆಂಗಸರು ದುಡಿಯಲು ಕಾನೂನು ಬಿಡುವುದಿಲ್ಲ ಎಂದು ಅವಳಿಗೆ ಹೇಳಿದ್ದರು. ಹಗಲಲ್ಲೇ ಮುಗಿಯುವ ಮುಖ್ಯಸ್ಥನ ಹುದ್ದೆ ಇದ್ದದ್ದು ಒಂದೇ, ಪರೀಕ್ಷಾ ವಿಭಾಗದ್ದು. ಅಲ್ಲಿದ್ದ ಹಿರಿಯರು ಆ ಚೈತ್ರದಲ್ಲಿ ನಿವೃತ್ತರಾಗುವವರಿದ್ದರು. ಅವಳ ಪಾಲಿಗೆ ಆ ಕಾರ್ಖಾನೆಯಲ್ಲಿ ಮೇಲೆ ಹತ್ತಲು ಬೇರೆ ಮೆಟ್ಟಿಲಿರಲಿಲ್ಲ. ಹಿರಿಯರೂ ಹೋಗುವ ಮುಂಚೆ, ಇನ್ನು ನೀನೇ ನೋಡಿಕೊಳ್ಳಬೇಕು ಎಂದು ಕಪಾಟಿನ ಬೀಗದ ಕೈಯನ್ನು ಅವಳ ಮೇಜಿನ ಮೇಲಿಟ್ಟಿದ್ದರು.

ಅದೇ ವಾರ ಹುದ್ದೆ ಗುರುಪ್ರಸಾದನಿಗೆ ಆಯಿತು. ಅವನು ಜೋಡಣೆ ವಿಭಾಗದವನು. ಪರೀಕ್ಷೆಯ ಕೆಲಸ ಒಂದು ದಿನವೂ ಮಾಡಿದವನಲ್ಲ.

ಅತ್ತೆ ಗೋದಾವರಿ ಮಣಗಣೆ ಮಾಡಿದಳು. ಕಡಲೆಬೇಳೆ, ಬೆಲ್ಲ, ತೆಂಗಿನಹಾಲು ಸೇರಿ ಮನೆಯೆಲ್ಲ ಘಮಘಮ. ಆಚೀಚೆ ಮನೆಗಳಿಗೆ ಡಬ್ಬಿಯಲ್ಲಿ ತುಂಬಿ ನಾದಿನಿ ಮನಿಷಾಳ ಕೈಯಲ್ಲಿ ಕಳಿಸಿದಳು. ದೀಪಾಲಿಯ ಬಟ್ಟಲಿಗೆ ಎರಡು ಸಲ ಬಡಿಸಿ, ನಿನಗೂ ಸಿಹಿಯೇ ಅಲ್ವಾ, ಒಂದೇ ಮನೆಗೆ ಬಂದದ್ದು ಎಂದಳು. ದೀಪಾಲಿ ತಿಂದಳು. ಸಿಟ್ಟು ಬಂದದ್ದು ಕಾರ್ಖಾನೆಯ ಮೇಲೆ. ಮರುದಿನ ಕಂಪನಿಯ ಬಸ್ಸಿನಲ್ಲಿ ಗಂಡನಿಗೆ ಅದನ್ನೇ ಹೇಳಿದಳು: ಇಷ್ಟು ವರ್ಷ ಮಾಡಿದ್ದು ಅವರ ಕಣ್ಣಿಗೇ ಬೀಳಲಿಲ್ಲ, ಕೊಡಲಾಗುವುದಿಲ್ಲವೆಂದು ಕರೆದು ಒಂದು ಮಾತು ಹೇಳಬಾರದಿತ್ತೇ? ಗುರುಪ್ರಸಾದ ಕಿಟಕಿಯಾಚೆ ನೋಡುತ್ತ, ದೊಡ್ಡ ಕಂಪನಿಗಳೆಲ್ಲ ಹಾಗೆಯೇ ಎಂದ.

ಆಮೇಲಿನ ವಾರಗಳಲ್ಲಿ ದೀಪಾಲಿಗೆ ಎರಡು ಕಡೆ ಕೆಲಸವಾಯಿತು. ಕಾರ್ಖಾನೆಯಲ್ಲಿ ಪಂಪು ಓಡಿಸುವುದು, ಮನೆಯಲ್ಲಿ ಗಂಡನಿಗೆ ಪಂಪು ಓಡಿಸಲು ಕಲಿಸುವುದು. ಊಟ ಮುಗಿಸಿ ಅವಳು ಪಾತ್ರೆ ತಿಕ್ಕಲು ಕುಳಿತರೆ ಅವನು ಪಕ್ಕದಲ್ಲಿ ಮಣೆ ಹಾಕಿಕೊಂಡು ಕೂರುತ್ತಿದ್ದ. ಯಾವ ಕವಾಟ ಮೊದಲು ತೆರೆಯಬೇಕು, ಮಾಪಕದ ಮುಳ್ಳು ನಡುಗಿದರೆ ಏನರ್ಥ, ಗ್ರಾಹಕರ ಕಡೆಯವರು ಬಂದಾಗ ಏನು ತೋರಿಸಬೇಕು. ಅವಳು ಬೂದಿ ಮೆತ್ತಿದ ಕೈಯಲ್ಲೇ ಚರಿಗೆ, ಲೋಟ ಹಿಡಿದು ತೋರಿಸುತ್ತಿದ್ದಳು. ಕಾರವಾರದ ಕಾಲೇಜಿನಲ್ಲಿ ಓದುತ್ತಿದ್ದ ಮನಿಷಾ ಇದನ್ನು ದಿನವೂ ನೋಡುತ್ತಿದ್ದಳು.

"ದಾದಾ, ವಹಿನಿಗೆ ಟ್ಯೂಷನ್ ಫೀಸು ಕೊಡ್ತೀಯಾ, ಇಲ್ಲ ಪಾತ್ರೆನಾದ್ರೂ ತೊಳೆದು ಕೊಡ್ತೀಯಾ?" ಎಂದು ಒಮ್ಮೆ ಅಣ್ಣ ಅತ್ತಿಗೆಯರನ್ನು ಕೆಣಕಿದಳು.

ಗೋದಾವರಿಯೂ ನಕ್ಕಳು. ರಾಮನಾಥರು ಮಾತ್ರ ರೇಡಿಯೋದ ದನಿ ಏರಿಸಿದರು.

ಕಾರ್ಖಾನೆಯಲ್ಲಿ ಗುರುಪ್ರಸಾದ ಬೇರೆಯೇ ಮನುಷ್ಯ. ಕೆಲಸಗಾರರ ಎದುರು ಅವಳನ್ನು ಒಂದು ಮಾತೂ ಕೇಳುತ್ತಿರಲಿಲ್ಲ. ಹಿಂದಿನ ದಿನ ಮನೆಯಲ್ಲಿ ಕಲಿತದ್ದನ್ನು ತನ್ನದೇ ಎಂಬಂತೆ ಗಟ್ಟಿಯಾಗಿ ಹೇಳುತ್ತಿದ್ದ, ಕೊನೆಗೆ ಅವಳ ಕಡೆ ತಿರುಗಿ, ತಿಳಿಯಿತಲ್ಲ ಮೇಡಂ ಎನ್ನುತ್ತಿದ್ದ. ಅವಳು ತಿಳಿಯಿತು ಸರ್ ಎನ್ನುತ್ತಿದ್ದಳು. ಗಂಡನ ಮರ್ಯಾದೆ ಎಂದು ಸುಮ್ಮನಿದ್ದಳು.

ಒಂದು ದಿನ ಮಧ್ಯಾಹ್ನ ಕ್ಯಾಂಟೀನಿನಲ್ಲಿ ಮಂಗೇಶ ಹೊಸದಾಗಿ ಸೇರಿದ ಇಬ್ಬರು ಹುಡುಗಿಯರನ್ನು ಕರೆದುಕೊಂಡು ಅವಳ ಮೇಜಿನ ಹತ್ತಿರ ಬಂದ. ಇವರನ್ನು ನೋಡಿ ಕಲಿಯಿರಿ ಎಂದು ಅವರಿಗೆ ಹೇಳಿದ. ಮೇಲಿನವರು ಮೊದಲು ಇವರ ಹೆಸರನ್ನೇ ಎತ್ತಿದ್ದು, ಆದರೆ ಹೆಂಡತಿ ಮೇಲೆ, ಗಂಡ ಕೆಳಗೆ ಆದರೆ ಮನೆ ಕೆಡುತ್ತದೆಂದು ಇವರೇ ಬೇಡವೆಂದರು, ಅಂಥ ದೊಡ್ಡ ಮನಸ್ಸು ಎಂದ.

ದೀಪಾಲಿಯ ಕೈಯಲ್ಲಿದ್ದ ತುತ್ತು ತಟ್ಟೆಗೆ ಮರಳಿತು. "ನಾನು ಯಾವಾಗ ಬೇಡ ಅಂದೆ?"

"ಆವತ್ತು ಭಾನುವಾರ ನಾನೇ ಬಂದು ಕೇಳಿದ್ನಲ್ಲ," ಎಂದ ಮಂಗೇಶ, ಅವಳಿಗೇ ಮರೆತುಹೋಗಿದೆಯೇನೋ ಎಂಬಂತೆ. "ನಿಮ್ಮ ಮನೆ ಹಿರಿಯರು ಹೇಳಿದ್ರು. ನಮ್ಮ ಸೊಸೆಗೆ ಇದ್ದದ್ದೇ ಸಾಕು, ಮಗನಿಗೆ ಕೊಡಿ ಹೇಳಿ. ನೀವೇ ಚಹಾ ಕೊಟ್ರಿ."

ಸಂಜೆ ಅವಳು ಮನೆಗೆ ಬಂದು ಬಂಗಡೆ ಹುಳಿ ಬಿಸಿ ಮಾಡಿದಳು, ಎಲ್ಲರಿಗೂ ಬಡಿಸಿದಳು. ತಾನು ತಟ್ಟೆ ಹಾಕಿಕೊಳ್ಳದೆ ಗೋಡೆಗೆ ಒರಗಿ ನಿಂತಳು.

"ಬಾಬಾ, ಮಂಗೇಶರು ನನ್ನ ಹುದ್ದೆ ವಿಷಯ ನಿಮ್ಮ ಹತ್ರ ಕೇಳಿದ್ರಾ?"

ರಾಮನಾಥರು ಮುಳ್ಳು ಬಿಡಿಸುವುದನ್ನು ನಿಲ್ಲಿಸದೆ, ಕೇಳಿದ್ದ ಎಂದರು. ಅವರು ಲೋಕೋಪಯೋಗಿ ಇಲಾಖೆಯಲ್ಲಿ ಮೇಸ್ತ್ರಿಯಾಗಿದ್ದವರು, ನಿವೃತ್ತರಾದ ಮೇಲೂ ಅದೇ ಗತ್ತು. ಮನೆಗೆ ಬಂದು ಹಿರಿಯರನ್ನು ಕೇಳುವುದು ಮರ್ಯಾದಸ್ಥರ ಪದ್ಧತಿ, ಮಂಗೇಶನಿಗೆ ಆ ಪದ್ಧತಿ ಗೊತ್ತಿದೆ, ಇದರಲ್ಲಿ ತಪ್ಪೇನು ಎಂದರು.

"ಹಿತ್ತಲಲ್ಲೇ ಇದ್ದೆನಲ್ಲ ನಾನು. ಚಹಾ ತಂದಾಗ ಎದುರಿಗೇ ನಿಂತಿದ್ದೆ. ಒಂದು ಮಾತು ಕೇಳಿದ್ರೆ ಆಗ್ತಿರ್ಲಿಲ್ವಾ?"

"ಕೇಳಿದ್ರೆ ನೀ ಎಂತ ಹೇಳ್ತಿದ್ದೆ?"

"ಬೇಕು ಹೇಳ್ತಿದ್ದೆ."

"ಅದಕ್ಕೇ ಕೇಳ್ಲಿಲ್ಲ," ಎಂದು ರಾಮನಾಥರು ತಟ್ಟೆಯಲ್ಲೇ ಕೈ ತೊಳೆದರು.

ದೀಪಾಲಿ ಗಂಡನ ಕಡೆ ತಿರುಗಿದಳು. ಅವನಿಗೂ ಗೊತ್ತಿತ್ತು. ಕಂಬಕ್ಕೆ ಒರಗಿ ಎಲ್ಲ ಕೇಳಿಸಿಕೊಂಡಿದ್ದ. ಬಸ್ಸಿನಲ್ಲಿ ಅವಳು ಕಂಪನಿಗೆ ಬೈಯುವಾಗ ಕಿಟಕಿಯಾಚೆ ನೋಡುತ್ತಿದ್ದ. ಈಗಲೂ ಅನ್ನ ಕಲಸುತ್ತ, ಬಾಬಾ ಹೇಳಿ ಆದ ಮೇಲೆ ನಾನು ಏನು ಮಾಡುವುದಿತ್ತು ಎಂದ.

"ಇಷ್ಟು ದಿನ ನನ್ನ ಹತ್ರ ಪಾಠ ಹೇಳಿಸ್ಕೊಂಡ್ರಲ್ಲ, ಅದನ್ನ ಬಾಬಾ ಹತ್ರನೇ ಕೇಳೋದಿತ್ತು."

ಮನಿಷಾ ಫಕ್ಕನೆ ನಕ್ಕು, ಅಪ್ಪನ ಮುಖ ನೋಡಿ ತಟ್ಟೆ ಎತ್ತಿಕೊಂಡು ಒಳಗೆ ಹೋದಳು. ಗೋದಾವರಿ, ಊಟದ ಹೊತ್ತಿಗೆ ಇದೆಲ್ಲ ಯಾಕೆ, ಸಂಬಳ ಯಾರ ಕೈಗೆ ಬಂದರೂ ಅಕ್ಕಿ ಬರುವುದು ಒಂದೇ ಡಬ್ಬಕ್ಕೆ ಎಂದಳು.

"ಹಾಗಿದ್ರೆ ನನ್ನ ಕೈಗೇ ಬರಬಹುದಿತ್ತಲ್ಲ ಆಯಿ. ಡಬ್ಬ ಅದೇ ಇರ್ತಿತ್ತು."

ಗೋದಾವರಿ ಸೊಸೆಗೆಂದು ತೆಗೆದಿಟ್ಟಿದ್ದ ಬಂಗಡೆಯ ತುಂಡನ್ನು ಮುಚ್ಚಿಟ್ಟು ಎದ್ದಳು.

ಆ ಶನಿವಾರ ದೀಪಾಲಿ ಅಂಕೋಲೆಗೆ ತವರಿಗೆ ಹೋದಳು. ಕರಿ ಇಶಾಡು ಮಾವಿನ ಕಾಲ. ತಾಯಿ ಜಾನಕಿ ಹಣ್ಣು ಹೆಚ್ಚಿ ಕೊಟ್ಟು, ಮಗಳು ಹೇಳಿದ್ದನ್ನೆಲ್ಲ ಕೇಳಿ, ಮೊದಲು ವಿಚಾರಿಸಿದ್ದು ಅಳಿಯಂದಿರಿಗೆ ಬೇಜಾರಾಯಿತೋ ಎಂದು. ಆಮೇಲೆ ತನ್ನ ಅಕ್ಕತಂಗಿಯರ, ನೆರೆಮನೆಯವರ ಉದಾಹರಣೆಗಳನ್ನೆಲ್ಲ ಹೇಳಿದಳು. ಹುದ್ದೆ ಇವತ್ತು ಬರುತ್ತದೆ ನಾಳೆ ಹೋಗುತ್ತದೆ, ಮನಸ್ಸು ಮುರಿದರೆ ಕೂಡಿಸುವುದು ಕಷ್ಟ ಎಂದಳು.

"ನನ್ನ ಮನಸ್ಸೂ ಮುರೀತದಲ್ಲ ಅಮ್ಮ. ಅದು ಯಾರ ಲೆಕ್ಕಕ್ಕೂ ಇಲ್ವಾ?"

ಜಾನಕಿ ಮಾವಿನ ಗೊರಟೆಯನ್ನು ಬಟ್ಟಲಿನ ಅಂಚಿಗೆ ಸರಿಸಿದಳು. "ನಿನ್ನ ಎಂಜಿನಿಯರಿಂಗ್ ಓದಿಸೋದು ಬೇಡ ಹೇಳಿ ನಿನ್ನಪ್ಪನಿಗೆ ನಾನೇ ಹೇಳಿದ್ದೆ. ಹೀಗಾಗ್ತದೆ ಹೇಳಿ ಗೊತ್ತಿತ್ತು," ಎಂದಳು.

ದೀಪಾಲಿ ಹಣ್ಣಿನ ಬಟ್ಟಲು ಸರಿಸಿ ಎದ್ದಳು. ಉಳಿಯಲೆಂದು ಬಂದವಳು ಸಂಜೆಯ ಬಸ್ಸಿಗೇ ಮಾಜಾಳಿಗೆ ಹಿಂತಿರುಗಿದಳು.

ಭಾನುವಾರ ಗುರುಪ್ರಸಾದ ಎಂದಿನಂತೆ ಮಣೆ ಹಾಕಿಕೊಂಡು ಕೂತಾಗ ಅವಳು ಹೇಳಬೇಕಾದದ್ದನ್ನು ಹೇಳಿಬಿಟ್ಟಳು. ಇನ್ನು ಮುಂದೆ ಮನೆಯಲ್ಲಿ ಪಂಪಿನ ಮಾತಿಲ್ಲ. ಕೇಳುವುದಿದ್ದರೆ ಕಾರ್ಖಾನೆಯಲ್ಲಿ, ಕೆಲಸದ ಹೊತ್ತಿನಲ್ಲಿ, ಎಲ್ಲರ ಎದುರು ಕೇಳಬೇಕು. ಏನು ಕೇಳಿದರೂ ಹೇಳುತ್ತೇನೆ, ಮುಚ್ಚಿಡುವುದಿಲ್ಲ. ಅವನು ತಮಾಷೆ ಎಂದುಕೊಂಡ. ಅವಳು ಚರಿಗೆ ಬೋರಲು ಹಾಕಿ ಎದ್ದುಹೋದಳು.

ಹದಿನೈದು ದಿನ ಹೇಗೋ ನಡೆಯಿತು. ಆಮೇಲೆ ಗುಜರಾತಿನ ಗೊಬ್ಬರದ ಕಾರ್ಖಾನೆಯೊಂದರ ಪಂಪು ಪರೀಕ್ಷೆಗೆ ಬಂತು. ಅವರ ಕಡೆಯ ಅಧಿಕಾರಿಯೊಬ್ಬ ಖುದ್ದು ನೋಡಲು ಬಂದಿದ್ದ. ಪಂಪು ಶುರುವಾದಾಗ ಸರಿಯಾಗಿಯೇ ಇತ್ತು, ಒಂದಿಷ್ಟು ಹೊತ್ತು ಓಡಿದ ಮೇಲೆ ಒಳಗೆ ಜಲ್ಲಿ ಅರೆದಂತೆ ಸದ್ದು. ಮುಳ್ಳುಗಳೆಲ್ಲ ನಡುಗಿದವು. ಗುರುಪ್ರಸಾದ ನಿಲ್ಲಿಸಿ, ಬಿಚ್ಚಿಸಿ, ಬೇರಿಂಗು ಬದಲಾಯಿಸಿದ. ಜೋಡಣೆಯಲ್ಲಿ ಬೆಳೆದವನಿಗೆ ಸದ್ದು ಬಂದರೆ ಮೊದಲು ಪಂಪನ್ನೇ ಬಿಚ್ಚಬೇಕು ಅನಿಸುತ್ತದೆ. ದೀಪಾಲಿ ಎದ್ದು ಹೋಗಿ, ಒಮ್ಮೆ ತೊಟ್ಟಿ ನೋಡಿ ಸರ್ ಎಂದಳು. ಸುತ್ತ ಕೆಲಸಗಾರರಿದ್ದರು, ಗುಜರಾತಿನ ಅಧಿಕಾರಿಯಿದ್ದ.

"ನಿಮ್ಮ ಕೆಲಸ ನೀವು ನೋಡ್ಕೊಳ್ಳಿ ಮೇಡಂ," ಎಂದ ಗುರುಪ್ರಸಾದ.

ಅವಳು ತನ್ನ ಮೇಜಿಗೆ ಮರಳಿದಳು. ಯಾರೋ ಹಿಂದಿನಿಂದ ಮೆಲ್ಲಗೆ ನಕ್ಕದ್ದೂ ಕೇಳಿಸಿತು.

ಸಂಜೆಯವರೆಗೂ ಬಿಚ್ಚುವುದು, ಕೂಡಿಸುವುದು ನಡೆಯಿತು. ಜನರಲ್ ಮ್ಯಾನೇಜರು ಬಂದು ಗುರುಪ್ರಸಾದನನ್ನು ಅಲ್ಲೇ ಗದರಿಸಿ ಹೋದರು. ಮನೆಯಲ್ಲಿ ಅವನು ಅನ್ನಕ್ಕೆ ಕೈ ಹಾಕದೆ ಕುಳಿತ. ಆಮೇಲೆ ಅವಳ ಕಡೆ ನೋಡದೆಯೇ ಕೇಳಿದ. "ತೊಟ್ಟಿದು ಎಂತದೋ ಹೇಳ್ತಿದ್ದೆಯಲ್ಲ, ಎಂತ ಅದು?"

"ಅದನ್ನ ಹೇಳಬೇಕಾದ ಜಾಗದಲ್ಲೇ ಹೇಳಿದೆ. ನಾಳೆ ಅಲ್ಲೇ ಕೇಳಿ."

ಗೋದಾವರಿಯ ಸಹನೆ ಹರಿಯಿತು. ನಾಲ್ಕು ಜನರೆದುರು ಗಂಡ ಬೈಸಿಕೊಳ್ಳುತ್ತಿದ್ದರೆ ನೋಡುತ್ತ ಕೂರುವ ಹೆಂಗಸು ಎಂಥವಳು ಎಂದಳು. ತಾನು ಇಂಥದ್ದನ್ನು ಎಲ್ಲೂ ಕಂಡಿಲ್ಲ, ಓದಿದವರ ಮನೆಯ ರೀತಿ ಇದೇ ಆದರೆ ಮನಿಷಾಳ ಓದು ಇವತ್ತೇ ನಿಲ್ಲಲಿ ಎಂದಳು.

"ನನ್ನ ಓದಿಗೆ ಎಂತಕ್ಕೆ ಬರ್ತೀಯ ಆಯಿ?" ಎಂದಳು ಮನಿಷಾ. "ವಹಿನಿ ಅಲ್ಲಿ ಹೋಗಿ ಹೇಳಿದ್ಳಂತಲ್ಲ. ಕೇಳದೆ ಇದ್ದದ್ದು ದಾದಾ."

"ನೀ ಸುಮ್ಮನಿರು ಗೋ," ಎಂದು ಗೋದಾವರಿ ಮಗಳನ್ನು ಗದರಿದಳು.

ಜಗಲಿಯಿಂದ ರಾಮನಾಥರು ಒಳಗೆ ಬಂದರು. ಹೆಂಗಸರ ಜಗಳದ ನಡುವೆ ಬರುವುದು ಅವರಿಗೆ ಅಭ್ಯಾಸವಿರಲಿಲ್ಲ. ಬಾಗಿಲ ಚೌಕಟ್ಟು ಹಿಡಿದು ನಿಂತು, ಅವನಿಗೆ ಹೇಳಬೇಕಾದದ್ದನ್ನು ಈಗಲೇ ಹೇಳು, ಇದು ನನ್ನ ಮಾತು ಎಂದರು. ದೀಪಾಲಿ ತಲೆ ಅಲ್ಲಾಡಿಸಿದಳು.

"ಈ ಮನೇಲಿ ನನ್ನ ಮಾತಿಗೆ ಬೆಲೆ ಇಲ್ಲ ಹೇಳಿ ಆಯ್ತು ಹಾಗಿದ್ರೆ."

"ಬೆಲೆ ಇಲ್ಲದೆ ಹೇಗೆ ಬಾಬಾ? ನಿಮ್ಮ ಒಂದು ಮಾತಿಗೆ ನನ್ನ ಆರು ವರ್ಷ ಹೋಯ್ತು."

ಅವಳ ದನಿ ಏರಿರಲಿಲ್ಲ. ಆದರೂ ಗುರುಪ್ರಸಾದ ತಟ್ಟೆ ಸರಿಸಿ ಎದ್ದ. ಆ ಮನೆಯಲ್ಲಿ ಅಂದು ಅನ್ನ ಹಾಗೆಯೇ ಉಳಿಯಿತು. ಬೆಳಿಗ್ಗೆ ಗೋದಾವರಿ ಅದಕ್ಕೆ ನೀರು ಹಾಕಿ, ಉಪ್ಪಿನಕಾಯಿಯ ಜೊತೆ ಎಲ್ಲರ ಮುಂದಿಟ್ಟಳು.

ಕಾರ್ಖಾನೆಯಲ್ಲಿ ಹೊಸ ಬೇರಿಂಗು ಹಾಕಿದ ಪಂಪು ಮತ್ತೆ ಓಡಿತು. ಮತ್ತೆ ಅದೇ ಸದ್ದು. ಗುಜರಾತಿನ ಅಧಿಕಾರಿ ತಾನು ಮಡಗಾಂವಿನಿಂದ ರೈಲು ಹಿಡಿಯಬೇಕು, ಈ ಪಂಪು ತಮಗೆ ಬೇಡ ಎಂದ. ಜನರಲ್ ಮ್ಯಾನೇಜರು ಓಡಿ ಬಂದರು. ಏನಾಗಿದೆ ಎಂದು ಗುರುಪ್ರಸಾದನನ್ನು ಕೇಳಿದರು, ಮತ್ತೆ ಕೇಳಿದರು. ಅವನ ಅಂಗಿ ಬೆನ್ನಿಗೆ ಅಂಟಿತ್ತು. ಅವನು ಸುತ್ತ ನೋಡಿ, ದೀಪಾಲಿಯ ಮೇಜಿನವರೆಗೆ ನಡೆದು ಬಂದ. ಬಗ್ಗಿ, ಪಿಸುದನಿಯಲ್ಲಿ, ಎಂತ ಗೋ ಅದು ಎಂದ.

"ಎಲ್ಲರಿಗೂ ಕೇಳೋ ಹಾಗೆ ಕೇಳಿ," ಎಂದಳು ದೀಪಾಲಿ.

ಅವಳಿಗೆ ಅವನ ಮೇಲೆ ಕರುಣೆ ಬರದೆ ಇರಲಿಲ್ಲ. ಬಂದದ್ದನ್ನು ನುಂಗಿಕೊಂಡಳು. ಗುರುಪ್ರಸಾದ ನೆಟ್ಟಗೆ ನಿಂತ.

"ದೀಪಾಲಿ, ಪಂಪು ಎಂತಕ್ಕೆ ಹೀಗೆ ಸದ್ದು ಮಾಡ್ತದೆ? ನನಗೆ ಗೊತ್ತಾಗ್ತಾ ಇಲ್ಲ."

ಅವಳು ಎದ್ದು ಹೋಗಿ ತೊಟ್ಟಿಯ ಮುಚ್ಚಳ ಸರಿಸಲು ಹೇಳಿದಳು. ಬಕೀಟಿನಲ್ಲಿ ನೀರು ಎತ್ತಿಸಿ, ಕೈಯದ್ದಿ ನೋಡಿ ಎಂದು ಮ್ಯಾನೇಜರ ಮುಂದೆ ಹಿಡಿದಳು. ಅವರು ಬೆರಳದ್ದಿ ಚಟ್ಟನೆ ತೆಗೆದರು. ಪಂಪಿನಲ್ಲಿ ಯಾವ ದೋಷವೂ ಇಲ್ಲ ಎಂದು ಅವಳು ವಿವರಿಸಿದಳು. ಬೇಸಿಗೆ, ತೊಟ್ಟಿಗೆ ನೀರು ಬರುವುದೇ ಕಡಿಮೆ. ಇದ್ದ ನೀರೇ ಬೆಳಗಿನಿಂದ ಸುತ್ತಿ ಸುತ್ತಿ ಕಾದಿದೆ, ಮಟ್ಟವೂ ಇಳಿದಿದೆ. ಕಾದ ನೀರು ಪಂಪಿನ ಬಾಯಲ್ಲೇ ಆವಿಯ ಗುಳ್ಳೆಯಾಗಿ ಒಡೆಯುತ್ತದೆ, ಜಲ್ಲಿಯ ಹಾಗೆ ಕೇಳಿಸುವುದು ಅದೇ. ತೊಟ್ಟಿ ತುಂಬಿಸಿ, ತಣಿಯಲು ಬಿಟ್ಟು, ಆಮೇಲೆ ಓಡಿಸಬೇಕು.

ಟ್ಯಾಂಕರು ತರಿಸಿದರು. ಅಧಿಕಾರಿ ಗೊಣಗುತ್ತ ರೈಲನ್ನು ಕೈಬಿಟ್ಟು ಉಳಿದ. ಮಧ್ಯಾಹ್ನದ ಮೇಲೆ ದೀಪಾಲಿ ತಾನೇ ನಿಂತು ಓಡಿಸಿದಳು. ಪಂಪು ಕೊನೆಯವರೆಗೂ ಸಮನಾಗಿ ಓಡಿತು. ಅಧಿಕಾರಿ ಅಂಕಿಗಳನ್ನೆಲ್ಲ ನೋಡಿ ತಲೆಯಾಡಿಸಿ, ಮೊದಲು ಕುಲುಕಿದ್ದು ಗುರುಪ್ರಸಾದನ ಕೈಯನ್ನು. ಮ್ಯಾನೇಜರು ನಕ್ಕು, ಒಳ್ಳೆ ಜೋಡಿ ನಿಮ್ಮದು, ಮನೆಯಲ್ಲೂ ಹೀಗೇ ಇರಿ ಎಂದು ಹೊರಟರು.

"ಸರ್, ಒಂದು ಮಾತು," ಎಂದಳು ದೀಪಾಲಿ.

ಕ್ಯಾಬಿನ್ನಿಗೆ ಬನ್ನಿ ಎಂದರು. ಇಲ್ಲೇ ಆಗಲಿ ಎಂದಳು. ಕೆಲಸಗಾರರು ಪೈಪು ಬಿಚ್ಚುವುದನ್ನು ನಿಧಾನ ಮಾಡಿದರು.

"ಈ ವಿಭಾಗದ ಹುದ್ದೆ ನನಗೆ ಬೇಕಾ ಬೇಡ್ವಾ ಹೇಳಿ ಮಂಗೇಶರು ನಮ್ಮ ಮನೆಗೆ ಬಂದು ಕೇಳಿದ್ರಂತೆ. ನನ್ನನ್ನ ಬಿಟ್ಟು. ಇವರನ್ನ ಜೋಡಣೆಯಲ್ಲಿ ಪಾಳಿಗೆ ಹಾಕುವಾಗ ಅಂಕೋಲೆಗೆ ಹೋಗಿ ನನ್ನ ಅಮ್ಮನನ್ನ ಕೇಳಿದ್ರಾ?"

ಮ್ಯಾನೇಜರು ಅದು ಸಿಬ್ಬಂದಿ ವಿಭಾಗದವರ ಕೆಲಸ, ಒಳ್ಳೆಯದಕ್ಕೇ ಮಾಡಿದ್ದು, ಮನೆಯಲ್ಲಿ ಒಮ್ಮೆ ಮಾತಾಡಿಕೊಂಡು ಬನ್ನಿ, ಆಮೇಲೆ ನೋಡೋಣ ಎಂದರು. ಹಾಗೆನ್ನುತ್ತ ಅವರ ಕಣ್ಣು ಗುರುಪ್ರಸಾದನ ಕಡೆ ಹೋಯಿತು.

"ಇವರ ಮುಖ ನೋಡಬೇಡಿ ಸರ್. ಮನೆಯವರು ಇಲ್ಲಿ ಕೆಲಸಕ್ಕಿಲ್ಲ. ನನ್ನನ್ನ ಕೇಳಿ."

ಗುರುಪ್ರಸಾದ ನೆಲ ನೋಡುತ್ತಿದ್ದ. ಅವನಾಗಿ ಒಂದು ಮಾತು ಹೇಳುತ್ತಾನೋ ಎಂದು ಅವಳು ಕಾದಳು. ಅವನು ಹೇಳಲಿಲ್ಲ. ಮ್ಯಾನೇಜರು ಗುಜರಾತಿನ ಅಧಿಕಾರಿ ನೋಡುತ್ತಿರುವುದನ್ನು ಕಂಡು, ಬೇಗ ಮುಗಿಸಬೇಕೆಂಬಂತೆ ಕೇಳಿದರು. "ಸರಿ. ನಿಮಗೆ ಬೇಕಾ ಆ ಜಾಗ?"

"ಬೇಕು."

"ಇವತ್ತಿಂದ ನೀವೇ ನೋಡ್ಕೊಳ್ಳಿ. ಆರ್ಡರು ಆಮೇಲೆ ಬರ್ತದೆ. ಗುರುಪ್ರಸಾದ, ನೀವು ನಾಳೆ ನಿಮ್ಮ ಹಳೇ ವಿಭಾಗಕ್ಕೆ ಹೋಗಿ."

ಸಂಜೆ ಬಸ್ಸಿನಲ್ಲಿ ಗುರುಪ್ರಸಾದ ಮುಂದಿನ ಸೀಟಿನಲ್ಲಿ ಚಾಲಕನ ಹಿಂದೆ ಕುಳಿತ. ಮಾಜಾಳಿಯಲ್ಲಿ ಇಳಿದವನು ಮನೆಯ ದಾರಿ ಹಿಡಿಯದೆ ಕಡಲ ಕಡೆ ನಡೆದ. ದೀಪಾಲಿ ಒಬ್ಬಳೇ ಮನೆಗೆ ಬಂದಳು. ಜಗಲಿಯಲ್ಲಿದ್ದ ಮಾವನನ್ನು ದಾಟಿ ನೇರ ಹಿತ್ತಲಿಗೆ ಹೋದಳು. ಗೋದಾವರಿ ಈಳಿಗೆಮಣೆಯ ಮೇಲೆ ಕುಳಿತು ಮೀನು ಹೆಚ್ಚುತ್ತಿದ್ದಳು, ಮನಿಷಾ ಕಾಯಿ ತುರಿಯುತ್ತಿದ್ದಳು. ಬೇರೆಯವರ ಬಾಯಿಂದ ಬರುವ ಮೊದಲು ತಾನೇ ಹೇಳಬೇಕೆಂದು ದೀಪಾಲಿ ಚೀಲ ಹೆಗಲಲ್ಲಿರುವಾಗಲೇ ಎಲ್ಲವನ್ನೂ ಹೇಳಿದಳು. ಹುದ್ದೆ ತನಗೆ ಬಂತು, ಅವರು ಹಳೆಯ ಜಾಗಕ್ಕೆ ಹೋಗುತ್ತಾರೆ, ತಾನು ಬೇಕು ಎಂದದ್ದಕ್ಕೆ ಹೀಗಾಯಿತು.

ಕಾಯಿ ತುರಿಯುವ ಸದ್ದು ನಿಂತಿತು. ಗೋದಾವರಿ ಕೈಯಲ್ಲಿದ್ದ ಮೀನನ್ನು ಬಿಡದೆ, ತಲೆ ಎತ್ತಿ ಸೊಸೆಯನ್ನು ನೋಡಿದಳು.

"ಬೇಕು ಹೇಳಿದೆಯಾ? ಯಾರನ್ನ ಕೇಳಿ ಹೇಳಿದೆ?"

"ಯಾರನ್ನೂ ಕೇಳ್ಲಿಲ್ಲ ಆಯಿ," ಎಂದಳು ದೀಪಾಲಿ.